ಕ್ರೈಸ್ತ ಶ್ರದ್ಧೆಯಲ್ಲಿ ಬಲವೂ ರಕ್ಷೆಯೂ



ರಕ್ಷೆಯೆಂಬ ಮಾತು ನಮ್ಮ ನಾಡಿನಲ್ಲಿ ಬಹು ಹಳೆಯದು, ಬಹು ಆಪ್ತವಾದದ್ದು. ಮಗುವಿನ ಕೆನ್ನೆಗೆ ಇಡುವ ಕಾಡಿಗೆಯ ಬೊಟ್ಟು ರಕ್ಷೆ. ತೋಳಿಗೆ ಕಟ್ಟುವ ತಾಯಿತ ರಕ್ಷೆ. ಬಾಗಿಲಿಗೆ ಬಡಿಯುವ ಕುದುರೆಯ ಲಾಳ ರಕ್ಷೆ. ಗುಡಿಯಿಂದ ತಂದ ಅಂಗಾರ, ದರ್ಗಾದಿಂದ ತಂದ ದಾರ, ಕ್ರೈಸ್ತರ ಮನೆಯ ಗೋಡೆಯ ಮೇಲಣ ಶಿಲುಬೆ, ಇವುಗಳ ಹಿಂದೆ ಇರುವ ಮನುಷ್ಯನ ಅಂಜಿಕೆ ಒಂದೇ. ನಗರವಾಸಿಗಳು ತಾಯಿತವನ್ನು ಕಂಡು ನಗುವುದುಂಟು. ಆದರೆ ರಾತ್ರಿ ಬಾಗಿಲಿಗೆ ಬೀಗ ಹಾಕಿ, ಮತ್ತೊಮ್ಮೆ ಎದ್ದು ಬಂದು ಆ ಬೀಗವನ್ನು ಎಳೆದು ನೋಡುವಾಗ, ಬ್ಯಾಂಕಿನ ಪುಸ್ತಕವನ್ನೂ ವಿಮೆಯ ಪತ್ರವನ್ನೂ ಪೆಟ್ಟಿಗೆಯಲ್ಲಿಟ್ಟು ನಿಟ್ಟುಸಿರು ಬಿಡುವಾಗ, ನಾವೂ ತಾಯಿತವನ್ನೇ ಕಟ್ಟಿಕೊಳ್ಳುತ್ತಿರುತ್ತೇವೆ. ಬೀಗವೂ ಬೇಕು, ವಿಮೆಯೂ ಬೇಕು. ಬೇಡವೆಂದು ನಾವು ಹೇಳುವವರಲ್ಲ. ಆದರೆ ಇಷ್ಟೆಲ್ಲ ಇದ್ದೂ ಮನಸ್ಸಿನ ನಡುಕ ನಿಲ್ಲದೆ ಇರುವುದೇಕೆ, ಇದಾವುದೂ ಇಲ್ಲದ ಕೆಲವರಲ್ಲಿ ಆ ನಡುಕ ನಿಂತಿರುವುದು ಹೇಗೆ, ಇದು ವಿಚಾರಮಾಡತಕ್ಕ ಸಂಗತಿ. ಕ್ರೈಸ್ತ ಶ್ರದ್ಧೆಯು ತನ್ನನ್ನು ನಂಬಿದವರಿಗೆ ರಕ್ಷೆಯುಂಟೆಂದು ಹೇಳುತ್ತದೆ. ಆ ರಕ್ಷೆಯು ಎಂಥದು, ಯಾವುದರಿಂದ ಕಾಯುತ್ತದೆ, ಯಾವುದರಿಂದ ಕಾಯುವುದಿಲ್ಲ ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಅರಿಕೆಮಾಡಬೇಕೆಂದಿದ್ದೇವೆ.

ಈ ವಿಚಾರವನ್ನು ನಮ್ಮ ಮನಸ್ಸಿಗೆ ನಾಟುವಂತೆ ಮಾಡಿದವಳು ಒಬ್ಬ ಮುದುಕಿ. ನಾವು ಅವಳನ್ನು ಕಂಡದ್ದು ಕಲಬುರಗಿ ಜಿಲ್ಲೆಯ ಗೊಬ್ಬೂರಿನಲ್ಲಿ. ಅಫಜಲಪುರ, ಆಳಂದ, ಜೇವರ್ಗಿಗಳ ಆ ನಾಡನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಅದು ಎರೆಯ ನೆಲ. ಜೋಳ ತೊಗರಿಗಳ ನೆಲ. ಮಳೆ ತಪ್ಪಿದರೆ ಬಿರಿಯುವ, ಮಳೆ ಹೆಚ್ಚಾದರೆ ಕಾಲು ಹೂಳುವ ನೆಲ. ಹತ್ತಿರದಲ್ಲಿಯೇ ಭೀಮಾನದಿ, ಅದರ ದಂಡೆಯಲ್ಲಿ ದತ್ತಾತ್ರೇಯನ ಗಾಣಗಾಪುರ. ಕಲಬುರಗಿ ಪಟ್ಟಣದಲ್ಲಿ ಶರಣಬಸವೇಶ್ವರರ ಗುಡಿ, ಖಾಜಾ ಬಂದೇನವಾಜರ ದರ್ಗಾ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಮೆಥಡಿಸ್ಟ್ ಮಿಷನ್ನಿನ ಕೆಲಸವೂ ಆ ಸೀಮೆಯಲ್ಲಿ ನಡೆದು, ಹಳ್ಳಿಹಳ್ಳಿಗಳಲ್ಲಿ ಕೆಲಕೆಲವು ಮನೆಗಳು ಕ್ರೈಸ್ತರವಾದವು. ಬಹುಮಟ್ಟಿಗೆ ಬಡವರು, ಕೂಲಿ ಮಾಡಿ ಉಣ್ಣುವವರು. ಅಂಥ ಒಂದು ಮನೆಯ ಮುದುಕಿ ಆಕೆ. ಭೀಮೆಯ ದಂಡೆಯ ಹಳ್ಳಿಯವಳು. ನಾವು ಹೋದಾಗ ಗೊಬ್ಬೂರಿನ ಮಗಳ ಮನೆಯಲ್ಲಿದ್ದಳು.

2020ರ ಅಕ್ಟೋಬರಿನಲ್ಲಿ ಭೀಮೆಗೆ ಬಂದ ಪ್ರವಾಹವನ್ನು ಆ ಕಡೆಯವರು ಮರೆತಿಲ್ಲ. ಆ ವರ್ಷ ಮೊದಲೇ ಮಹಾಮಾರಿಯ ವರ್ಷ. ಪುಣೆ ಮುಂಬಯಿಗಳಿಗೆ ದುಡಿಯಲು ಹೋದವರು ಬರಿಗೈಯಲ್ಲಿ ಊರಿಗೆ ಮರಳಿದ್ದರು. ಅದರ ಬೆನ್ನಿಗೆ ಬಿರುಮಳೆ. ಮೇಲಿನ ಮಹಾರಾಷ್ಟ್ರದ ಅಣೆಕಟ್ಟುಗಳಿಂದ ಬಿಟ್ಟ ನೀರು ಸೊನ್ನ ಬ್ಯಾರೇಜನ್ನು ದಾಟಿ, ಅಫಜಲಪುರ ಜೇವರ್ಗಿ ತಾಲ್ಲೂಕುಗಳ ಅನೇಕ ಹಳ್ಳಿಗಳನ್ನು ಹೊಕ್ಕಿತು. ಮುದುಕಿಯ ಮಣ್ಣಿನ ಮನೆಯ ಒಂದು ಗೋಡೆ ಬಿತ್ತು. ಕಾಳು ನೆನೆದು ಮೊಳೆಯಿತು. ಇದನ್ನು ಹೇಳುವಾಗ ಆಕೆಯ ಕಣ್ಣಿನಲ್ಲಿ ನೀರು ಬಂದುದು ನಿಜ. ನಾವು ಓದುಬರಹ ಬಲ್ಲವರ ಒಣ ಕುತೂಹಲದಿಂದ ಕೇಳಿದೆವು: “ಅವ್ವಾ, ಆ ರಾತ್ರಿ ನೀನು ದೇವರನ್ನು ಏನೆಂದು ಬೇಡಿಕೊಂಡೆ?” “ಯೇಸಪ್ಪಾ, ನಮ್ಮ ಸಂಗಟ ಇರಪ್ಪಾ ಅಂದೆ” ಎಂದಳು. ಹಾಗಾದರೆ ದೇವರು ಕಾಯ್ದನೇ ಎಂದು ಕೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಹೊಳಿ ನಿಂದರಲಿಲ್ರಿ ಯಪ್ಪಾ, ಅಂಜಿಕಿ ನಿಂತ್ಹೋಯ್ತು.”

ಹೊಳೆ ನಿಲ್ಲಲಿಲ್ಲ, ಅಂಜಿಕೆ ನಿಂತಿತು. ಇದಕ್ಕಿಂತ ಸ್ಫುಟವಾಗಿ ಈ ವಿಷಯವನ್ನು ಹೇಳುವ ಶಕ್ತಿ ನಮಗಿಲ್ಲ. ಆಕೆಯ ಮಾತು ಸತ್ಯವೇದಕ್ಕೆ ಒಪ್ಪುವುದೋ, ಬುದ್ಧಿಗೆ ಒಪ್ಪುವುದೋ, ಬಾಳಿನಲ್ಲಿ ನಿಲ್ಲುವುದೋ ಎಂಬುದನ್ನು ಮಾತ್ರ ಇನ್ನು ನೋಡೋಣ.

ಕ್ರೈಸ್ತರಲ್ಲಿ ಸಂಕಟಕಾಲಕ್ಕೆಂದು ಓದುವ ವಾಡಿಕೆಯುಳ್ಳ ಭಾಗಗಳು ಕೆಲವುಂಟು. ಅವುಗಳಲ್ಲಿ ಮುಖ್ಯವಾದದ್ದು ಕೀರ್ತನೆಗಳ ಗ್ರಂಥದ 91ನೆಯ ಕೀರ್ತನೆ. ಬೇಡನ ಬಲೆ, ಹಗಲಿನ ಬಾಣ, ಇರುಳಿನ ಭಯ, ಮಾರಿಬೇನೆ, ಇವೆಲ್ಲವುಗಳಿಂದ ದೇವರು ತನ್ನನ್ನು ಆಶ್ರಯಿಸಿದವನನ್ನು ಕಾಯುವನೆಂದೂ, ಅವನ ಕಾಲಿಗೆ ಕಲ್ಲು ತಾಕದಂತೆ ದೇವದೂತರು ಎತ್ತಿಕೊಳ್ಳುವರೆಂದೂ ಅದರ ತಾತ್ಪರ್ಯ. ಇದನ್ನು ಓದಿದವನು, ನಂಬಿದವನಿಗೆ ಕೇಡೇ ಬಾರದು ಎಂದು ತಿಳಿದರೆ ಆಶ್ಚರ್ಯವಿಲ್ಲ. ಆದರೆ ಇದೇ ಕೀರ್ತನೆಯ ಇದೇ ಮಾತು ಸುವಾರ್ತೆಯಲ್ಲಿ ಮತ್ತೊಮ್ಮೆ ಬರುತ್ತದೆ. ಅಲ್ಲಿ ಅದನ್ನು ಆಡುವವನು ಯಾರು? ಸೈತಾನ. ಯೇಸುವು ನಲವತ್ತು ದಿನ ಉಪವಾಸವಿದ್ದ ಕಾಲದಲ್ಲಿ ಶೋಧಕನು ಅವನನ್ನು ಯೆರೂಸಲೇಮಿನ ದೇವಾಲಯದ ಶಿಖರಕ್ಕೆ ಕರೆದುಕೊಂಡು ಹೋಗಿ, ನೀನು ದೇವಪುತ್ರನಾದರೆ ಕೆಳಕ್ಕೆ ಹಾರು, ದೂತರು ಎತ್ತಿಕೊಳ್ಳುವರೆಂದು ಬರೆದಿದೆಯಲ್ಲ ಎನ್ನುತ್ತಾನೆ. ಯೇಸುವು ಹಾರುವುದಿಲ್ಲ. ದೇವರನ್ನು ಪರೀಕ್ಷಿಸತಕ್ಕದ್ದಲ್ಲವೆಂದು ಹೇಳಿ ಶಿಖರದಿಂದ ಇಳಿದು ಬರುತ್ತಾನೆ. ಎಂದ ಮೇಲೆ, ರಕ್ಷೆಯ ವಾಗ್ದಾನವನ್ನು ತಾಯಿತದಂತೆ ಕಟ್ಟಿಕೊಂಡು ಅಪಾಯಕ್ಕೆ ಸವಾಲು ಹಾಕುವುದು ಭಕ್ತಿಯಲ್ಲ, ಭಕ್ತಿಯ ಅಪಹಾಸ್ಯ. ಇದನ್ನು ಮೊದಲು ಹೇಳಿದವರು ನಾಸ್ತಿಕರಲ್ಲ, ಸುವಾರ್ತೆಯನ್ನು ಬರೆದವರೇ.

ಆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಶಿಖರದ ಮೇಲೆ ಬೇಡವೆಂದ ದೇವದೂತನು ಬೇರೊಂದು ಸ್ಥಳದಲ್ಲಿ ಬರುತ್ತಾನೆ. ಗೆತ್ಸೇಮನೆಯ ತೋಟದಲ್ಲಿ, ಹಿಡಿಯುವವರು ಬರುವುದಕ್ಕೆ ಮುಂಚಿನ ರಾತ್ರಿಯ ಹೊತ್ತಿನಲ್ಲಿ, ಯೇಸುವು ನೆಲಕ್ಕೆ ಬಿದ್ದು, ಈ ಕಹಿಯ ಪಾತ್ರೆಯು ತನ್ನಿಂದ ತೊಲಗಲೆಂದು ಪ್ರಾರ್ಥಿಸುತ್ತಾನೆ. ಲೂಕನ ಸುವಾರ್ತೆಯಲ್ಲಿ ಹೇಳಿರುವಂತೆ ಒಬ್ಬ ದೂತನು ಬಂದು ಅವನಿಗೆ ಬಲ ಕೊಡುತ್ತಾನೆ. ಪಾತ್ರೆಯನ್ನು ಮಾತ್ರ ತೆಗೆದುಕೊಂಡು ಹೋಗುವುದಿಲ್ಲ. ಬಲ ಬಂದಿತು, ಶಿಲುಬೆ ಉಳಿಯಿತು. ಕ್ರೈಸ್ತ ಶ್ರದ್ಧೆಯ ನಡುವಿನಲ್ಲಿ ನಿಂತಿರುವವನೇ ನೋವಿನಿಂದ ತಪ್ಪಿಸಿಕೊಳ್ಳದವನಾಗಿರುವಾಗ, ಅವನ ಹೆಸರನ್ನು ಹೇಳುವವರು ತಮಗೆ ನೋವೇ ಬಾರದಿರಲೆಂದು ಹಕ್ಕಿನಿಂದ ಕೇಳುವುದು ಹೇಗೆ?

ಪೌಲನ ಅನುಭವವೂ ಇಂಥದೇ. ತನ್ನ ಶರೀರದಲ್ಲಿ ನಾಟಿದ ಒಂದು ಮುಳ್ಳನ್ನು ತೆಗೆಯಬೇಕೆಂದು ಮೂರು ಬಾರಿ ಬೇಡಿಕೊಂಡೆನೆಂದು ಅವನೇ ಬರೆಯುತ್ತಾನೆ. ಮುಳ್ಳು ಹೋಗಲಿಲ್ಲ, ದೇವರ ಕೃಪೆ ಸಾಕೆಂಬ ಉತ್ತರ ಬಂದಿತು. ಎಫೆಸದವರಿಗೆ ಬರೆದ ಪತ್ರದಲ್ಲಿ ನಂಬುವವನ ರಕ್ಷಾಕವಚದ ವರ್ಣನೆಯಿದೆ: ಶಿರಸ್ತ್ರಾಣ, ವಜ್ರಕವಚ, ಗುರಾಣಿ, ಖಡ್ಗ. ಓದಿದವರಿಗೆ ಒಬ್ಬ ವೀರನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಆದರೆ ಆ ಪತ್ರವು ತನ್ನ ಲೇಖಕನನ್ನು ಸಂಕೋಲೆಯಲ್ಲಿರುವವನೆಂದು ಹೇಳುತ್ತದೆ. ಕವಚವನ್ನು ಕುರಿತು ಬರೆದವನ ಮೈಮೇಲೆ ಕವಚವಿರಲಿಲ್ಲ. ಅದು ಇದ್ದದ್ದು ಅವನನ್ನು ಕಾಯುವ ಸಿಪಾಯಿಯ ಮೈಮೇಲೆ. ಸಂಕೋಲೆಯಲ್ಲಿರುವವನು ತನಗೆ ರಕ್ಷೆಯಿದೆಯೆಂದು ಬರೆದನಲ್ಲ, ಆ ರಕ್ಷೆಯು ಕಬ್ಬಿಣದ್ದಲ್ಲವೆಂಬುದು ಸ್ಪಷ್ಟ.

ಇಲ್ಲಿ ವಿದ್ಯಾವಂತರಾದ ಕೇಳುಗರು ಒಂದು ಆಕ್ಷೇಪವನ್ನು ಎತ್ತಬಹುದು. ಹೊಳೆಯನ್ನು ನಿಲ್ಲಿಸದ, ಮುಳ್ಳನ್ನು ಕೀಳದ ಈ ರಕ್ಷೆಯಿಂದ ಪ್ರಯೋಜನವೇನು? ಇದು ಬರಿಯ ಸಮಾಧಾನವಲ್ಲವೇ, ಅಳುವ ಮಗುವಿಗೆ ಕೊಡುವ ಬೆಲ್ಲದ ಚೂರಲ್ಲವೇ? ಆಕ್ಷೇಪವು ನ್ಯಾಯವಾದದ್ದೇ. ಇದಕ್ಕೆ ನಮ್ಮ ಉತ್ತರ ಇಷ್ಟು: ಅಪಾಯವು ಮನುಷ್ಯನಿಗೆ ಮಾಡುವ ಕೇಡಿಗಿಂತ ಅಪಾಯದ ಭಯವು ಮಾಡುವ ಕೇಡು ಅನೇಕ ವೇಳೆ ದೊಡ್ಡದು. ಭಯಪಟ್ಟವನು ನೆರೆಯವನ ಕೈಯನ್ನು ತಳ್ಳಿ ಓಡುತ್ತಾನೆ, ಸುಳ್ಳು ಹೇಳುತ್ತಾನೆ, ಬಾಗಿಲು ಹಾಕಿಕೊಳ್ಳುತ್ತಾನೆ, ಕೊನೆಗೆ, ತನ್ನನ್ನು ಯಾರೂ ಹೊಡೆಯದಿದ್ದರೂ ತಾನೇ ಮೊದಲು ಹೊಡೆಯುತ್ತಾನೆ. ಅವನ ದೇಹವು ಉಳಿದರೂ ಅವನೊಳಗಿನ ಮನುಷ್ಯನು ಹಾಳಾಗುತ್ತಾನೆ. ಈ ಹಾಳಿನಿಂದ ಕಾಯುವುದೇ ನಾವು ಹೇಳುತ್ತಿರುವ ರಕ್ಷೆ.

ಇದು ಪ್ರಯತ್ನವನ್ನು ಬಿಟ್ಟು ಕೈಕಟ್ಟಿ ಕೂರುವ ಉಪದೇಶವೂ ಅಲ್ಲ. ರೋಗಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಜನವೇ ಔಷಧದ ಸೀಸೆಯನ್ನೂ ಕೈಗೆತ್ತಿಕೊಂಡರೆಂಬುದಕ್ಕೆ ನಮ್ಮ ನಾಡಿನ ಆಸ್ಪತ್ರೆಗಳೇ ಸಾಕ್ಷಿ. ಬೆಂಗಳೂರಿನಲ್ಲಿ ಗುಡ್ ಶೆಪರ್ಡ್ ಸಂನ್ಯಾಸಿನಿಯರು 1886ರಲ್ಲಿ ಸೇಂಟ್ ಮಾರ್ಥಾ ಆಸ್ಪತ್ರೆಯನ್ನು ತೆರೆದರು. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಊರಿನವರು ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತಾರೆ. ಗೊಬ್ಬೂರಿನ ಸೀಮೆಗೆ ದೂರವಲ್ಲದ ಯಾದಗಿರಿಯಲ್ಲಿ ಮೆಥಡಿಸ್ಟರು ಹೋಲ್‌ಸ್ಟನ್ ಆಸ್ಪತ್ರೆಯನ್ನು ಕಟ್ಟಿದರು. ಪ್ರಾರ್ಥನೆಯೇ ಸಾಕು, ಮದ್ದು ಬೇಡವೆಂದು ಆ ಜನ ತಿಳಿದಿದ್ದರೆ ಈ ಕಟ್ಟಡಗಳು ಏಳುತ್ತಿರಲಿಲ್ಲ. ಸೋಂಕಿನ ಅಂಜಿಕೆಯೇ ಮೇಲುಗೈಯಾಗಿದ್ದರೂ ಏಳುತ್ತಿರಲಿಲ್ಲ.

ಹಾಗಾದರೆ ಈ ಬಲವು ಬರುವ ದಾರಿ ಯಾವುದು? ಅದು ಸಂಕಟದ ದಿನ ಥಟ್ಟನೆ ಆಕಾಶದಿಂದ ಬೀಳುವುದಿಲ್ಲ. ನಮ್ಮ ಮುದುಕಿಯು ಪ್ರತಿದಿನವೂ ದೀಪ ಹಚ್ಚುವ ಹೊತ್ತಿನಲ್ಲಿ ಎರಡು ಮಾತಿನ ಪ್ರಾರ್ಥನೆಯನ್ನು ಮಾಡಿದವಳು. ಭಾನುವಾರದ ಸಭೆಯಲ್ಲಿ ತಾಳದೊಂದಿಗೆ ಹಾಡಿದವಳು. ಹೊಳೆ ಬಂದ ರಾತ್ರಿ ಆಕೆ ಹೊಸ ಮಾತನ್ನು ಹುಡುಕಬೇಕಾಗಲಿಲ್ಲ. ದಿನದಿನದ ಮಾತೇ ಬಾಯಿಗೆ ಬಂದಿತು. ಅದು ಬಂದದ್ದು ಕನ್ನಡದಲ್ಲಿ. ಇದೂ ಗಮನಿಸತಕ್ಕ ಸಂಗತಿ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಪಟ್ಟುಹಿಡಿದು ಕೆಲಸಮಾಡಿದುದರಿಂದ 1831ರ ವೇಳೆಗೆ ಸತ್ಯವೇದವೆಲ್ಲವೂ ಕನ್ನಡದಲ್ಲಿ ಅಚ್ಚಾಗಿತ್ತು. ಮುಂದೆ ತಮ್ಮ ನಿಘಂಟಿನಿಂದ ನಮಗೆಲ್ಲ ಉಪಕಾರಮಾಡಿದ ಕಿಟೆಲ್ ಅವರು 1862ರಲ್ಲಿ ಕಥಾಮಾಲೆಯೆಂಬ ಹೆಸರಿನಿಂದ ಯೇಸುವಿನ ಚರಿತ್ರೆಯನ್ನು ನಮ್ಮ ದೇಶದ ಛಂದಸ್ಸಿನಲ್ಲಿಯೇ ಪದ್ಯವಾಗಿ ಬರೆದರು. ಮನುಷ್ಯನು ಬೆಚ್ಚಿಬಿದ್ದಾಗ ಕೂಗುವುದು ತಾಯಿ ಕಲಿಸಿದ ನುಡಿಯಲ್ಲಿ. ಧೈರ್ಯ ಹೇಳುವ ಮಾತೂ ಅದೇ ನುಡಿಯಲ್ಲಿ ಬಂದರೆ ಮಾತ್ರ ಅದು ಎದೆಗೆ ಇಳಿಯುತ್ತದೆ.

ದಿನನಿತ್ಯದ ಅಭ್ಯಾಸ, ಸ್ವಂತ ನುಡಿ, ನಾಲ್ಕು ಜನರ ಸಂಗ, ಈ ಮೂರರಿಂದ ಶ್ರದ್ಧೆ ಬಲಿಯುತ್ತದೆ. ಹಾಗೆ ಬಲಿತದ್ದು ಎಷ್ಟು ಗಟ್ಟಿಯೆಂಬುದು ತಿಳಿಯಬೇಕಾದರೆ ನೀರಿನ ಭಯ ಮಾತ್ರ ಸಾಲದು; ಮನುಷ್ಯನಿಗೆ ಮನುಷ್ಯನ ಭಯ ಹುಟ್ಟಿದ ಕಾಲವನ್ನೂ ನೋಡಬೇಕು. ಗೊಬ್ಬೂರಿನ ಆ ಸೀಮೆಯೇ ಅಂಥ ಕಾಲವನ್ನು ಕಂಡಿದೆ. ಕಲಬುರಗಿ ಜಿಲ್ಲೆಯು ಆಗ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. 1947-48ರಲ್ಲಿ ರಜಾಕಾರರ ಹಾವಳಿಗೆ ಅಂಜಿ ಎಷ್ಟೋ ಸಂಸಾರಗಳು ಮನೆಮಠಗಳನ್ನು ಬಿಟ್ಟು, ಗಡಿ ದಾಟಿ ಸೊಲ್ಲಾಪುರ ಬಿಜಾಪುರಗಳ ಕಡೆಗೆ ಹೋದುವು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ಸಂಸ್ಥಾನವು ಭಾರತಕ್ಕೆ ಸೇರಿತು. ಭಯವು ಅಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ, ಮನೆ ಬದಲಾಯಿಸಿತು. ಇಂದಿನವರೆಗೆ ಅಂಜಿಸಿದವರ ಮತಕ್ಕೆ ಸೇರಿದವರೆಂಬ ಒಂದೇ ಕಾರಣದಿಂದ, ಏನೂ ಅರಿಯದ ಮುಸಲ್ಮಾನ ಸಂಸಾರಗಳ ಮೇಲೆ ಸೇಡು ಬಿದ್ದಿತು. ಆ ವರ್ಷದ ಕೊನೆಯಲ್ಲಿ ಸಂಚಾರಮಾಡಿದ ಪಂಡಿತ ಸುಂದರಲಾಲರ ಸಮಿತಿಯು ಅತ್ಯಂತ ಹೆಚ್ಚಿನ ಹಾನಿಗೆ ಗುರಿಯಾದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯನ್ನೂ ಎಣಿಸಿತು. ಒಂದು ವರ್ಷ ಒಬ್ಬರು ಬಾಗಿಲು ಹಾಕಿಕೊಂಡರು, ಮರುವರ್ಷ ಮತ್ತೊಬ್ಬರು. ಒಂದೇ ಬಾವಿಯ ನೀರು ಕುಡಿದವರು ಒಬ್ಬರನ್ನೊಬ್ಬರು ಕಂಡು ಬೆಚ್ಚಿದರು.

ಆ ಗಾಯವು ಇನ್ನೂ ಹಸಿಯಾಗಿದ್ದ 1949ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಕಲಬುರಗಿಯಲ್ಲಿ ಸೇರಿತು. ಅದರ ಅಧ್ಯಕ್ಷ ಪೀಠದಲ್ಲಿ ಕುಳಿತವರು ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ ದುಡಿದ ಕ್ರೈಸ್ತರು. 1881ರಲ್ಲಿ ಹುಟ್ಟಿದ ಅವರಿಗೆ ಆಗ ಅರುವತ್ತೇಳು ತುಂಬಿತ್ತು. ಒಂದು ಪಂಗಡದವರಿಗೆ ಇನ್ನೊಂದು ಪಂಗಡದ ಹೆಸರೇ ಸಿಡಿಲಿನಂತೆ ಕೇಳುತ್ತಿದ್ದ ನಾಡಿನಲ್ಲಿ, ಎಣಿಕೆಯಲ್ಲಿ ಬಹು ಚಿಕ್ಕದಾದ ಒಂದು ಸಭೆಯ ಬೋಧಕರನ್ನು ಕನ್ನಡಿಗರು ತಮ್ಮ ಹಿರಿಯರೆಂದು ಕೂರಿಸಿಕೊಂಡರು. ಇದು ಸುಮ್ಮನೆ ಆದುದಲ್ಲ. ಅದರ ಹಿಂದೆ ಆ ಹಿರಿಯರ ಜೀವಮಾನದ ದುಡಿಮೆಯಿತ್ತು.

ಚನ್ನಪ್ಪನವರು ಹಳ್ಳಿಹಳ್ಳಿ ತಿರುಗಿ, ಓಲೆಗರಿಗಳನ್ನು ನೋಡಿ, ಜನರ ಬಾಯಿಂದ ಕೇಳಿ, ಸರ್ವಜ್ಞನ ವಚನಗಳನ್ನು ಸುಮಾರು 2,000ದಷ್ಟು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಇಂದು ಪ್ರತಿಯೊಬ್ಬ ಕನ್ನಡಿಗನ ನಾಲಗೆಯ ಮೇಲೂ ಸರ್ವಜ್ಞನ ಒಂದೆರಡು ತ್ರಿಪದಿಗಳಿರುವುದಕ್ಕೆ ಅವರ ಋಣವೂ ಕಾರಣ. ಅದಕ್ಕೆ ಮುಂಚೆ, 1921ರಲ್ಲಿ, ಬನಾರಸಕ್ಕೆ ಬೆತ್ಲಹೇಮಿನ ವಿನಂತಿ ಎಂಬ ಪುಸ್ತಕವನ್ನು ಬರೆದಿದ್ದರು. ಆ ಹೆಸರನ್ನೇ ನೋಡಿರಿ: ಆಜ್ಞೆಯಲ್ಲ, ವಾದವಲ್ಲ, ವಿನಂತಿ. ಶರಣರ ಅನುಭವಮಂಟಪವೆಂಬುದು ನಿಜವಾಗಿ ಇದ್ದಿತೇ ಎಂಬ ಸಂಶಯವು ವಿದ್ವಾಂಸರಲ್ಲಿ ಎದ್ದಾಗ, ಇದ್ದಿತೆಂದು ಆಧಾರಗಳನ್ನು ಕೂಡಿಸಿ ಪುಸ್ತಕವನ್ನೇ ಬರೆದವರು ಈ ಕ್ರೈಸ್ತರು. ತಮ್ಮನ್ನು ತಿರುಳ್ಗನ್ನಡದ ತಿರುಕನೆಂದು ಕರೆದುಕೊಂಡರು. ಇಂಥ ಬಾಳು ಎಲ್ಲರಿಗೂ ರುಚಿಸತಕ್ಕದ್ದಲ್ಲ. ಕ್ರೈಸ್ತನಾದವನಿಗೆ ವಚನಗಳ ಗೊಡವೆಯೇಕೆಂದು ಒಂದು ಕಡೆ, ವಚನಗಳನ್ನು ಮುಟ್ಟುವ ಈ ಕ್ರೈಸ್ತನ ಒಳ ಉದ್ದೇಶವೇನೆಂದು ಇನ್ನೊಂದು ಕಡೆ, ಸಂಶಯಪಡುವುದು ಲೋಕದ ಸ್ವಭಾವ. ನಡುವೆ ನಿಂತವನಿಗೆ ಎರಡು ಕಡೆಯ ಬಿಸಿಲೂ ತಾಗುತ್ತದೆ.

ಆ ಬಿಸಿಲಿನಲ್ಲಿ ಅವರನ್ನು ನಿಲ್ಲಿಸಿದ ಬಲ ಯಾವುದು? ಅವರು ಕ್ರಿಸ್ತನ ಶ್ರಮಮರಣವನ್ನು ಕುರಿತು ಬರೆದ ಗ್ರಂಥದ ಹೆಸರು ಮೃತ್ಯುಂಜಯ. ನಮ್ಮ ಜನ ಶಿವನನ್ನು ಕರೆಯುವ ಹೆಸರದು. ಆ ಹೆಸರಿನಿಂದ ಅವರು ಶಿಲುಬೆಗೇರಿದವನನ್ನು ಕರೆದರು. ಸಾವನ್ನು ತಪ್ಪಿಸಿಕೊಂಡವನು ಮೃತ್ಯುಂಜಯನಲ್ಲ, ಸಾವನ್ನು ಹೊಕ್ಕು ಗೆದ್ದವನು ಮೃತ್ಯುಂಜಯ ಎಂಬ ಅರ್ಥವನ್ನು ನಾವು ಆ ಹೆಸರಿನಲ್ಲಿ ಕಾಣುತ್ತೇವೆ. ಗೊಬ್ಬೂರಿನ ಮುದುಕಿ ಹೊಳೆಯನ್ನು ಕುರಿತು ಹೇಳಿದುದು, ಪಂಡಿತರಾದ ಚನ್ನಪ್ಪನವರು ಮರಣವನ್ನು ಕುರಿತು ಹೇಳಿದುದು, ಎರಡೂ ಒಂದೇ. ತನ್ನ ಶ್ರದ್ಧೆಯು ಒಡೆದುಹೋಗುವ ಮಡಕೆಯೆಂದು ತಿಳಿದವನು ಅದನ್ನು ಯಾರೂ ಮುಟ್ಟದಂತೆ ಅಟ್ಟದ ಮೇಲೆ ಬಚ್ಚಿಡುತ್ತಾನೆ. ನೆರೆಯವನ ಶಾಸ್ತ್ರವನ್ನು ಕಂಡರೆ ಹೆದರುತ್ತಾನೆ. ಚನ್ನಪ್ಪನವರು ಹೆದರಲಿಲ್ಲ. ಸರ್ವಜ್ಞನನ್ನು ಓದಿದರೆ ಕ್ರಿಸ್ತನು ಸಣ್ಣವನಾಗುವನೆಂಬ ಅಂಜಿಕೆ ಅವರಿಗಿರಲಿಲ್ಲ. 1962ರಲ್ಲಿ ತೀರಿಕೊಳ್ಳುವವರೆಗೆ ಕ್ರೈಸ್ತರಾಗಿಯೇ ಇದ್ದರು. ಕನ್ನಡಿಗರೆಲ್ಲರ ಆಸ್ತಿಯಾಗಿಯೂ ಇದ್ದರು.

ಇದರಿಂದ ರಕ್ಷೆಯನ್ನು ಒರೆಗೆ ಹಚ್ಚುವ ಒಂದು ಕಲ್ಲು ನಮಗೆ ದೊರೆಯುತ್ತದೆ. ಒಬ್ಬನ ದೈವಭಕ್ತಿಯು ಅವನನ್ನು ನಿಜವಾಗಿ ಕಾಯುತ್ತಿದೆಯೇ ಎಂದು ತಿಳಿಯಬೇಕಾದರೆ, ಅವನಿಗೆ ಕಷ್ಟ ಬಂದಿತೋ ಇಲ್ಲವೋ ಎಂದು ನೋಡತಕ್ಕದ್ದಲ್ಲ. ಕಷ್ಟ ಬಂದಾಗ ಅವನ ಕೈ ಏನು ಮಾಡುತ್ತಿತ್ತು ಎಂದು ನೋಡಬೇಕು. ಅಂಜಿದವನ ಕೈ ತನ್ನ ಎದೆಯನ್ನೇ ಹಿಡಿದುಕೊಂಡಿರುತ್ತದೆ. ಅಂಜಿಕೆಯಿಂದ ಬಿಡುಗಡೆಯಾದವನ ಕೈ ಬೇರೆಯವರಿಗೆ ಒದಗುತ್ತದೆ. ಇದು ಕ್ರೈಸ್ತರ ಸ್ವತ್ತೆಂದು ನಾವು ಹೇಳುವುದಿಲ್ಲ. ಇತರ ಮಾರ್ಗಗಳಲ್ಲಿ ನಡೆದು ಇಂಥ ಬಿಡುಗಡೆಯನ್ನು ಪಡೆದ ಮಹನೀಯರು ನಮ್ಮ ನಾಡಿನಲ್ಲಿ ಬಹಳ ಮಂದಿ. ಆದರೆ ನಾವು ಬೆಳೆದ ಮನೆಯಲ್ಲಿ ನಾವು ಕಂಡ ದೀಪವಿದು. ಅದರ ಬೆಳಕು ಎಷ್ಟು ದೂರ ಹೋಗುತ್ತದೆಂಬುದನ್ನು ಮಾತ್ರ ಹೇಳಿದ್ದೇವೆ. ಕ್ರೈಸ್ತರೆನಿಸಿಕೊಂಡವರಲ್ಲಿಯೂ ಈ ಒರೆಗಲ್ಲಿಗೆ ನಿಲ್ಲದವರುಂಟು. ನಾವೇ ಎಷ್ಟೋ ಸಲ ನಿಂತಿಲ್ಲ. ಬೀಗವನ್ನು ಎರಡನೆಯ ಸಲ ಎಳೆದು ನೋಡಲು ಎದ್ದು ಹೋಗುವವರಲ್ಲಿ ನಾವೂ ಸೇರಿದವರೇ.

ಗೊಬ್ಬೂರಿನಿಂದ ಹೊರಡುವ ಮುನ್ನ ನಾವು ಆ ಮುದುಕಿಯನ್ನು ಇನ್ನೊಂದು ಮಾತು ಕೇಳಿದೆವು. ಅಂಜಿಕೆ ನಿಂತ ಮೇಲೆ, ಬೆಳಗಾಗುವವರೆಗೆ ಏನು ಮಾಡಿದೆ? ಊರಿನವರೆಲ್ಲ ಎತ್ತರದಲ್ಲಿದ್ದ ಶಾಲೆಯ ಪಡಸಾಲೆಯಲ್ಲಿ ಸೇರಿದ್ದರಂತೆ. ನೆರೆಮನೆಯ ಬೇರೆ ಮತದವರ ಸೊಸೆ ದಿನ ತುಂಬಿದ ಬಸುರಿ. ಚಳಿಗೂ ಭಯಕ್ಕೂ ನಡುಗುತ್ತಿದ್ದಳು. ಮುದುಕಿಯು ತನ್ನಲ್ಲಿ ಒಣಗಿ ಉಳಿದಿದ್ದ ಒಂದೇ ಕೌದಿಯನ್ನು ಅವಳಿಗೆ ಹೊದಿಸಿ, ಅವಳ ಕಾಲುಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆಳಗಿನವರೆಗೆ ತಿಕ್ಕುತ್ತ ಕುಳಿತಿದ್ದಳು. “ನಿನಗೆ ಚಳಿಯಾಗಲಿಲ್ಲವೇ ಅವ್ವಾ?” ಎಂದೆವು. “ಆತ್ರಿ ಯಪ್ಪಾ” ಎಂದು ನಕ್ಕು, ನಮ್ಮ ಮುಂದೆ ಚಹದ ಬಟ್ಟಲನ್ನಿಟ್ಟಳು.